ಗಾಳಿ ತಿರುಗುವವರೆಗಿನ ಪ್ರಾರ್ಥನೆ

ಕೀಂಯ್, ಕೀಂಯ್ ಎಂದು ಕಸದ ಲಾರಿಗಳು ಹಿಂದಕ್ಕೆ ಸರಿಯುವ ಸದ್ದಿಗೇ ನಮ್ಮ ಬೀದಿ ಏಳುವುದು. ವರ್ನೆಲ್ ಟನ್‌ಸ್ಟಾಲ್ ಮಾತ್ರ ಅದಕ್ಕೂ ಮೊದಲೇ ಎದ್ದು, ಜಗಲಿಯಲ್ಲಿ ಕೂತು, ಮೊದಲ ಲಾರಿಯವನನ್ನು ಕೇಳುತ್ತಿದ್ದಳು: "ಯಾಕೋ ತಡ? ಹೆಂಡ್ತಿ ಬಿಡ್ಲಿಲ್ವಾ?"

ವಿಶ್ವವಿದ್ಯಾಲಯದ ಹಾಸ್ಟೆಲ್ ಅಡುಗೆಮನೆಯಲ್ಲಿ ತಲೆ ನೆರೆಯುವವರೆಗೂ ದುಡಿದವಳು ಅವಳು. ವಿಶ್ವವಿದ್ಯಾಲಯ ಬೆಳೆಯಿತು, ಊರು ಬೆಳೆಯಿತು. ಬೆಳೆದದ್ದರಲ್ಲಿ ಗ್ರಂಥಾಲಯ, ಓಕ್ ಮರಗಳ ಸಾಲು ಪಡುವಣದ ಬಿಳಿಯರ ಪಾಲಿಗೆ ಹೋದವು. ಊರ ಕಸ ಸುರಿಯುವ ಅಂಗಳ ಮೂಡಣದ ಕಪ್ಪುಜನರಾದ ನಮ್ಮ ಪಾಲಿಗೆ ಬಂತು. "ಅವರ ಮಕ್ಕಳು ತಿಂದು ಬಿಟ್ಟದ್ದನ್ನ ಮೊದಲು ನಾನೇ ಹೋಗಿ ಬಳೀತಿದ್ದೆ. ಈಗ ಅದೇ ನನ್ನ ಹುಡುಕ್ಕೊಂಡು ಬರ್ತದೆ," ಎನ್ನುತ್ತಿದ್ದಳು.

ಆ ಅಂಗಳವನ್ನು ಇಮ್ಮಡಿ ಮಾಡುವ ಮಾತೆದ್ದಿತು. ಬೀದಿಗೆ ನಾತ ಬಡಿಯುತ್ತದೆಂದು ನಗರಸಭೆ ಒಪ್ಪಿದರೆ ಮಾತ್ರ ಅದು ನಿಲ್ಲುತ್ತಿತ್ತು. ನಾತವಿದೆಯೋ ಇಲ್ಲವೋ ನೋಡಲು ನಗರಸಭೆಯ ಕೋಲ್ಬಿ ಎಂಬ ಬಿಳಿಯ ಅಧಿಕಾರಿ ಎರಡು ಸಲ ಬಂದ. ಎರಡು ಸಲವೂ ಬೆಳಿಗ್ಗೆ, ಗಾಳಿ ಆಚೆ ಬೀಸುವಾಗ. ಮೂಗೆತ್ತಿ, "ಏನೂ ಇಲ್ಲವಲ್ಲ" ಎಂದು ಹೋದ. ನಿಗದಿಯಾದ ಮೂರರಲ್ಲಿ ಉಳಿದದ್ದು ಒಂದೇ ಭೇಟಿ. ಗಾಳಿ ನಮ್ಮತ್ತ ತಿರುಗುವುದೋ ಮಧ್ಯಾಹ್ನ.

ಈ ಸಲ ಅವನು ಬಂದದ್ದು ಮಧ್ಯಾಹ್ನಕ್ಕೆ ತುಸು ಮುಂಚೆ; ವರ್ನೆಲ್ ಅವನನ್ನು ಜಗಲಿಯಲ್ಲೇ ಊಟಕ್ಕೆ ಕೂರಿಸಿದಳು. ಕರಿದ ಮೀನು, ಸೊಪ್ಪು, ಪೀಚ್ ಹಣ್ಣಿನ ಸಿಹಿ. ನಮ್ಮಲ್ಲಿ ಪ್ರಾರ್ಥನೆ ಮುಗಿಯದೆ ಯಾರೂ ತುತ್ತೆತ್ತುವಂತಿಲ್ಲ. ಏಳುವುದಂತೂ ದೂರದ ಮಾತು. ಪ್ರಾರ್ಥನೆಗೆ ಅವಳು ಕರೆದದ್ದು ಚರ್ಚಿನ ಹಿರಿಯ ಓಥಾ ಬೈನಮ್‌ನನ್ನು. ಅವನ ಪ್ರಾರ್ಥನೆಯ ಉದ್ದಕ್ಕೆ ಹೆದರಿ, ಮದುವೆಗಳಲ್ಲಿ ಅವನನ್ನು ಕಾರು ನಿಲ್ಲಿಸುವ ಕೆಲಸಕ್ಕೆ ಹಾಕುತ್ತಾರೆ.

ಎಲ್ಲರೂ ಕೈ ಕೈ ಹಿಡಿದು ತಲೆ ಬಾಗಿಸಿದೆವು.

"ತಂದೆಯೇ, ಈ ಊಟಕ್ಕೆ ವಂದನೆ. ಆಮೆನ್," ಎಂದ ಓಥಾ.

ವರ್ನೆಲ್ ಒಂದು ಕಣ್ಣು ತೆರೆದಳು. "ಇಷ್ಟೇನಾ?"

"ಬಂದವರು ಹಸಿದಿದಾರೆ, ಸಿಸ್ಟರ್. ಮೀನು ಆರೋಗ್ತದೆ ಅಂತ ಯಾವಾಗ್ಲೂ ಬೈಯೋಳು ನೀನೇ ಅಲ್ವಾ?"

"ಇವತ್ತು ಆರ್ಲಿ! ಕಾಯಿಲೆಯವರನ್ನ ನೆನೀಲೇ ಇಲ್ಲ ನೀನು. ಮೊದಲ ಮನೆ ಲೂಡಿಯ ಉಬ್ಬಸ ಎಲ್ಲಿ ಹೋಯ್ತು?"

ಓಥಾನ ಮುಖ ಅರಳಿತು. ಲೂಡಿಯ ಉಬ್ಬಸದಿಂದ ಹೊರಟ. ಪಕ್ಕದ ಮನೆಯ ಕೂಸಿನ ಕೆಮ್ಮು, ಅದರಾಚೆಯ ಮನೆಯ ಎದೆಬೇನೆ, ಹೀಗೆ ಪ್ರಾರ್ಥನೆಯಲ್ಲೇ ಒಂದೊಂದೇ ಬಾಗಿಲು ತಟ್ಟುತ್ತ ನಡೆದ. ತಡೆದುಕೊಂಡಿದ್ದ ನಮ್ಮ ನಗು ಮೆಲ್ಲಗೆ ಇಳಿದುಹೋಯಿತು. ತಟ್ಟದೆ ದಾಟಬಹುದಾದ ಬಾಗಿಲು ಒಂದೂ ಅವನಿಗೆ ಸಿಕ್ಕಲಿಲ್ಲ.

ಅವನು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಮೇಜಿನ ಹಾಸು ಅಲುಗಿತು. ಗಾಳಿ ತಿರುಗಿತ್ತು. ಮೂಗು ಮುಚ್ಚಿಕೊಳ್ಳಲು ಕೋಲ್ಬಿ ಕೈಯೆಳೆದ. ಒಂದು ಕೈ ನಾನು ಬಿಡಲಿಲ್ಲ, ಇನ್ನೊಂದು ಕೈ ವರ್ನೆಲ್ ಬಿಡಲಿಲ್ಲ.

"ಆಮೆನ್!" ಎಂದು ಕೋಲ್ಬಿಯೇ ಕೂಗಿದ.

"ಭಕ್ತಿವಂತ," ಎಂದಳು ವರ್ನೆಲ್. "ಊಟ ಮಾಡಪ್ಪ."

"ಅಮ್ಮಾ, ಈ ವಾಸನೆ... ಮೀನಿಂದಲ್ಲ ತಾನೆ?"

ವರ್ನೆಲ್‌ಳ ಮೀನಿನ ಬಗ್ಗೆ ಹಾಗೆ ಕೇಳುವ ಎದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ನನ್ನ ಮೀನಾ? ನಡಿ, ಕಸದ ಅಂಗಳದ ಬೇಲಿ ಹತ್ರ ನಿಂತು ತಿನ್ನು. ಆಮೇಲೆ ಹೇಳು, ಯಾವುದು ನಾರ್ತದೆ ಅಂತ."

"ಬೇಡಮ್ಮಾ, ಗೊತ್ತಾಯ್ತು! ನಾತ ಇದೆ ಅಂತಾನೇ ನಗರಸಭೆಗೆ ಹೇಳ್ತೀನಿ. ಆದ್ರೆ ದಿನಾ ಎಷ್ಟು ಹೊತ್ತು ಇರ್ತದೆ ಅಂತ ನೀವು..."

ಅವಳಾಗಲೇ ಮೆಟ್ಟಿಲಿಳಿದು, ಅವನ ತಟ್ಟೆ ಹಿಡಿದುಕೊಂಡು, ಬೇಲಿಯತ್ತ ನಡೆದಿದ್ದಳು.