ಎದೆಗಿಳಿದ ಪ್ಲಾಸ್ಟಿಕ್ ಪುಡಿ

ಕೋವಿಡ್ ವಾರ್ಡುಗಳು ಮುಚ್ಚಿ ಎರಡನೇ ವರ್ಷ ನಡೆದಿತ್ತು. ನಾನಾಗ ಯಾದಗಿರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಶ್ವಾಸಕೋಶ ತಜ್ಞೆ. ಗೋಗಿ ಊರಿನ ಶರಣಮ್ಮ ಒಣಕೆಮ್ಮು ಎಂದು ಬಂದಳು. ವಯಸ್ಸು ಮೂವತ್ತನಾಲ್ಕು. ಕಫದಲ್ಲಿ ಕ್ಷಯದ ಕ್ರಿಮಿ ಕಾಣಲಿಲ್ಲ. ಆದರೂ ಎಕ್ಸ್-ರೇಯ ಕಲೆಗಳನ್ನು ನಂಬಿ ಕ್ಷಯದ ಮಾತ್ರೆಯನ್ನೇ ಕೊಟ್ಟೆ. ನಮ್ಮ ಭಾಗದಲ್ಲಿ ಆ ರೋಗ ಹೆಚ್ಚು. ಕೈ ತಾನಾಗಿ ಅದನ್ನು ಬರೆದುಬಿಡುತ್ತದೆ.

ನಾಲ್ಕು ತಿಂಗಳಲ್ಲಿ ಅವಳ ತೂಕ ಐದು ಕಿಲೋ ಇಳಿಯಿತು. ಒಂದು ದಿನ ನನ್ನ ಮುಂದೆ ಕೂತು ಕೇಳಿದಳು: “ನಾ ಬೀಡಿ ಮುಟ್ಟಿಲ್ರಿ. ಒಲಿ ಊದಂಗಿಲ್ಲ, ಮನ್ಯಾಗ ಗ್ಯಾಸ್ ಅದ. ಮತ್ತ ನನಗ್ಯಾಕ ಬಂತ್ರಿ?”

ಏನು ಕೆಲಸ ಮಾಡುತ್ತೀ ಎಂದು ಅವಳನ್ನು ನಾನು ಕೇಳಿದ್ದು ಅಂದೇ ಮೊದಲು. ಶಹಾಪುರದ ಹೊರಗೆ ಒಂದು ಶೆಡ್ಡು. ಹೊಲದ ಹಳೆಯ ಡ್ರಿಪ್ ಪೈಪು, ಗೊಬ್ಬರದ ಚೀಲಗಳನ್ನು ಅಲ್ಲಿ ಯಂತ್ರಕ್ಕೆ ಹಾಕಿ ಪುಡಿಮಾಡಿ, ಕರಗಿಸಿ ಮಾರುತ್ತಾರೆ. ಏಳು ವರ್ಷದಿಂದ ಯಂತ್ರದ ಬಾಯಿಗೆ ಚೀಲ ತುರುಕುವುದು ಅವಳ ಕೆಲಸ. ಬಾಯಿಗೆ ಸೆರಗೇ ರಕ್ಷಣೆ.

ನಾನೇ ಹೋಗಿ ನೋಡಿದೆ. ತಗಡಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ನೀಲಿ ಪುಡಿ ತೇಲುತ್ತಿತ್ತು. ಆರು ಹೆಂಗಸರು ಅದರೊಳಗೇ ಉಸಿರಾಡುತ್ತಿದ್ದರು. ನನ್ನನ್ನು ಹೆದರಿಸಿದ್ದು ಆ ಪುಡಿಯಲ್ಲ, ಕಣ್ಣಿಗೆ ಬೀಳದ ಪುಡಿ. ಕೂದಲಿನ ದಪ್ಪದ ನೂರನೇ ಭಾಗಕ್ಕಿಂತ ಸಣ್ಣ ಕಣಗಳಿಗೆ ನ್ಯಾನೋಪ್ಲಾಸ್ಟಿಕ್ ಎನ್ನುತ್ತಾರೆ. ಅವು ಶ್ವಾಸಕೋಶದ ತೀರಾ ತುದಿಯವರೆಗೆ ಇಳಿಯಬಲ್ಲವು.

ಶರಣಮ್ಮನ ಸಿಟಿ ಸ್ಕ್ಯಾನಿನಲ್ಲಿ ಕ್ಷಯವಲ್ಲ, ಶ್ವಾಸಕೋಶ ಗಟ್ಟಿಯಾಗುತ್ತಿರುವುದು ಕಂಡಿತು. ಅವಳನ್ನು ಕಲಬುರಗಿಗೆ ಕರೆದೊಯ್ದು, ಶ್ವಾಸಕೋಶವನ್ನು ಲವಣದ ನೀರಿನಿಂದ ತೊಳೆದು ಆ ದ್ರವವನ್ನು ಸಂಗ್ರಹಿಸಿದೆವು. ಅದನ್ನು ಹಿಡಿದು ಬೆಂಗಳೂರಿಗೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನುಷ್ಯರ ಶ್ವಾಸಕೋಶದ ಜೀವಕೋಶಗಳ ಮೇಲೆ ನ್ಯಾನೋಪ್ಲಾಸ್ಟಿಕ್ ಏನು ಮಾಡುತ್ತದೆಂದು ಸಂಶೋಧನೆ ನಡೆಸುತ್ತಿದ್ದಳು. ತನ್ನ ಪ್ರಯೋಗದ ಚಿತ್ರಗಳನ್ನು ಸೂಕ್ಷ್ಮದರ್ಶಕದ ತೆರೆಯ ಮೇಲೆ ತೋರಿಸಿದಳು. ಹೊಳೆಯುವ ಬಣ್ಣ ಕಟ್ಟಿದ ಕಣಗಳನ್ನು ಜೀವಕೋಶಗಳು ಆಹಾರವೆಂಬಂತೆ ಒಳಗೆ ಎಳೆದುಕೊಂಡಿದ್ದವು. ಮೂರನೇ ದಿನದ ಚಿತ್ರದಲ್ಲಿ ಹಲವು ಊದಿಕೊಂಡಿದ್ದವು, ಕೆಲವು ತಮ್ಮನ್ನು ಬೆಳೆಸಿದ ಬಟ್ಟಲಿನ ತಳದಿಂದ ಕಳಚಿ ಸತ್ತು ತೇಲುತ್ತಿದ್ದವು. ಬಟ್ಟಲಿನಲ್ಲಿ ಆದದ್ದು ದೇಹದಲ್ಲೂ ಆಗುತ್ತದೆಂದು ಹೇಳಲಾಗದು ಎಂದು ಎಚ್ಚರಿಸಿದಳು.

ಪರೀಕ್ಷೆಗೆಂದು ಬಿಟ್ಟುಬಂದ ದ್ರವದ ಬಗ್ಗೆ ನಾಲ್ಕು ವಾರದ ನಂತರ ಫೋನು ಮಾಡಿದಳು. “ಮೇಡಂ, ಕಣಗಳು ಸಿಕ್ಕಿವೆ. ಆದರೆ ನೀವು ದ್ರವ ತಂದದ್ದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಇವು ಅವರ ಎದೆಯವೋ ಬಾಟಲಿಯವೋ, ನಾನು ಹೇಳಲಾರೆ.”

ಗಾಜಿನ ಬಾಟಲಿ ಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಅಷ್ಟರಲ್ಲಿ ಶರಣಮ್ಮನ ರಕ್ತದ ಆಮ್ಲಜನಕ ಶೇಕಡಾ ಎಂಬತ್ತನಾಲ್ಕಕ್ಕೆ ಇಳಿದಿತ್ತು. ಎರಡನೇ ಸಲ ಶ್ವಾಸಕೋಶ ತೊಳೆದರೆ ಪ್ರಾಣಕ್ಕೇ ಅಪಾಯ. ನನ್ನ ತಪ್ಪನ್ನು ಅವಳ ಹಾಸಿಗೆಯ ಪಕ್ಕ ಕೂತು ಹೇಳಿದೆ. ಅವಳು ಬಾಟಲಿಯ ಸುದ್ದಿ ಕೇಳಲಿಲ್ಲ.

“ಒಳಗ ಹೋದದ್ದು ಹೊರಗ ಬರ್ತದೇನ್ರಿ?”

“ಗೊತ್ತಿಲ್ಲವ್ವ. ಇನ್ನಾ ಯಾರಿಗೂ ಗೊತ್ತಿಲ್ಲ.”

ಶರಣಮ್ಮ ಹೇಳಿದಳು: “ಹಂಗಾದ್ರ ನಮ್ಮ ನೆಗೆಣ್ಣಿ ಮಲ್ಲಮ್ಮಗ ಆ ಕೆಲಸ ಬಿಡಸ್ರಿ. ನನ್ನ ಜಾಗದಾಗ ಈಗ ಆಕಿ ನಿಂತಾಳ.”

ಮರುದಿನವೇ ಆ ಓರಗಿತ್ತಿಗಾಗಿ ಶೆಡ್ಡಿಗೆ ಹೋದೆ. ಮಾಲೀಕ ಕೆಟ್ಟವನಲ್ಲ; ಅವನ ಹೆಂಡತಿಯೂ ಅಲ್ಲೇ ಚೀಲ ತುಂಬುತ್ತಿದ್ದಳು. “ಪ್ಲಾಸ್ಟಿಕ್ಕಿಂದನೇ ಬಂದದ ಅಂತ ಬರದುಕೊಡ್ರಿ ಮೇಡಂ, ನಾಳೇನೇ ಬಂದ್ ಮಾಡ್ತೀನಿ,” ಎಂದ. ಹಾಗೆ ಬರೆಯಲು ನನ್ನ ಬಳಿ ಪುರಾವೆ ಇರಲಿಲ್ಲ. ದೂಳಿನ ಕೆಲಸದಿಂದ ಬಂದಿರಬಹುದಾದ ರೋಗ, ಎಲ್ಲ ಕೆಲಸಗಾರರನ್ನೂ ಪರೀಕ್ಷಿಸಬೇಕು ಎಂದು ಬರೆದುಕೊಟ್ಟು, ಒಂದು ಪ್ರತಿಯನ್ನು ಸರ್ಕಾರಕ್ಕೂ ಕಳಿಸಿದೆ. ಶೆಡ್ಡಿಗೆ ದೊಡ್ಡ ಫ್ಯಾನು ಬಂತು, ಮಾಸ್ಕು ಬಂದವು. ಮಲ್ಲಮ್ಮ ಕೆಲಸ ಬಿಟ್ಟು ಹತ್ತಿ ಬಿಡಿಸಲು ಹೋದಳು.

ಶರಣಮ್ಮ ಆ ವರ್ಷ ದಾಟಲಿಲ್ಲ. ಸಾವಿನ ಕಾರಣದ ಫಾರ್ಮಿನಲ್ಲಿ ಶ್ವಾಸಕೋಶದ ವೈಫಲ್ಯ ಎಂದು ಬರೆದೆ, ಅದಕ್ಕೆ ಮೂಲ ಶ್ವಾಸಕೋಶ ಗಟ್ಟಿಯಾದದ್ದು ಎಂದೂ ಬರೆದೆ. ಅದಕ್ಕೂ ಮೂಲವೇನು ಎಂಬ ಸಾಲಿನ ಮುಂದೆ ಪೆನ್ನು ನಿಂತಿತು. ಕೊನೆಗೆ, “ಖಚಿತವಿಲ್ಲ, ಏಳು ವರ್ಷ ಪ್ಲಾಸ್ಟಿಕ್ ಪುಡಿಯಲ್ಲಿ ದುಡಿದವಳು,” ಎಂದು ಬರೆದೆ. ಖಚಿತವಾಗುವವರೆಗೆ ಬಾಯಿ ಮುಚ್ಚಿಕೊಂಡಿರುವುದು ವೈದ್ಯರಿಗೆ ತರವಲ್ಲ ಎಂಬುದನ್ನು ವೃತ್ತಿಯ ಕೊನೆಯಲ್ಲಿ ಕಲಿತೆ.

ಈಗ ನಿವೃತ್ತಳು. ಆದರೂ ಮೂರು ತಿಂಗಳಿಗೊಮ್ಮೆ ಮಲ್ಲಮ್ಮನ ಉಸಿರಿನ ಪರೀಕ್ಷೆ ಮಾಡುತ್ತೇನೆ. ಅವಳಿಗೆ ಕೆಮ್ಮಿಲ್ಲ, ಆರಾಮಿದ್ದೇನೆ ಎನ್ನುತ್ತಾಳೆ. ಉಸಿರಿನ ಬಲ ಅಳೆಯುವ ಯಂತ್ರದ ಅಂಕಿ ಮಾತ್ರ ಪ್ರತಿ ಸಲವೂ ಸ್ವಲ್ಪ ಇಳಿದಿರುತ್ತದೆ.