ಹಿಂದಿನ ಸೀಟಿನ ಮಲಯಾಳಂ

ಕಳೆದ ಶನಿವಾರ ಕೇರಳದ ಹರಿಪ್ಪಾಡ್ ದಾಟಿದ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿದ್ದ ನನ್ನ ಮಗ ತನ್ನ ಅಕ್ಕನಿಗೆ ಒಂದು ಪ್ರಶ್ನೆ ಕೇಳಿದ. ಮಲಯಾಳಂನಲ್ಲಿ ಕೇಳಿದ. ಹಾಗಾಗಿ ನನ್ನ ಗಂಡನಿಗೆ ಅರ್ಥವಾಗಲಿಲ್ಲ.

ನನಗೆ ಅರ್ಥವಾಯಿತು. ಆಗದಿದ್ದರೆ ಚೆನ್ನಾಗಿತ್ತು.

ಮೊದಲಿನಿಂದ ಹೇಳುತ್ತೇನೆ. ಈ ಬೇಸಿಗೆ ರಜೆಯಲ್ಲಿ ನಾವು ನಾಲ್ವರು ಕಾರಿನಲ್ಲೇ ಕೊಚ್ಚಿಯಿಂದ ಮನಾಲಿಗೆ ಹೋಗಬೇಕು ಎಂದು ನನ್ನ ಗಂಡ ಗಿರೀಶ್ ತೀರ್ಮಾನಿಸಿದ್ದರು. ಯಾರದೋ ರೀಲ್ ನೋಡಿದ್ದರು. ಅದರಲ್ಲಿ ಒಂದು ಕುಟುಂಬ ಹಿಮದ ಮುಂದೆ ಕಾರು ನಿಲ್ಲಿಸಿಕೊಂಡು ಮ್ಯಾಗಿ ತಿನ್ನುತ್ತಿತ್ತು. ನಾಲ್ವರೂ ನಗುತ್ತಿದ್ದರು. (ಅಷ್ಟು ದೂರ ಒಂದೇ ಕಾರಿನಲ್ಲಿ ಹೋದವರು ಹಾಗೆ ನಗುತ್ತಾರೆಯೇ? ಅವರು ವಿಮಾನದಲ್ಲಿ ಹೋಗಿ ಕಾರು ಬಾಡಿಗೆಗೆ ಹಿಡಿದಿದ್ದರು ಎಂದೇ ನನ್ನ ಅನುಮಾನ.)

ತೀರ್ಮಾನ ಅವರದು. ಪ್ಲ್ಯಾನಿಂಗ್ ನನ್ನದು. ಮನೆಯಲ್ಲಿ ಕೆಲಸ ಹಂಚಿಕೊಳ್ಳುವುದು ಎಂದರೆ ಇದೇ ಅಲ್ಲವೇ?

ಎರಡು ತಿಂಗಳಿಂದ ನಾನು ಬೇರೇನೂ ಮಾಡಿಲ್ಲ. ಯಾವ ಊರಿನಲ್ಲಿ ಮಲಗುವುದು, ಪಾರ್ಕಿಂಗ್ ಇರುವ ಹೋಟೆಲ್ ಯಾವುದು, ನಿಶಾಂತನಿಗೆ ವಾಂತಿಯ ಮಾತ್ರೆ ಎಷ್ಟು ಹೊತ್ತು ಮುಂಚೆ ಕೊಡುವುದು. ಎಂಟು ವರ್ಷದ ಅವನಿಗೆ ಘಾಟಿ ರಸ್ತೆ ಬೇಕಿಲ್ಲ, ಫ್ಲೈಓವರ್ ಇಳಿದರೂ ಸಾಕು. ಸಿಂಚನಾಗೆ ಹದಿಮೂರು. ಅವಳ ಪೀರಿಯಡ್ ಆ ಪ್ರಯಾಣದ ಯಾವ ದಿನಗಳಲ್ಲಿ ಬರುತ್ತದೆ, ಆ ದಿನ ನಾವು ಯಾವ ಹೆದ್ದಾರಿಯಲ್ಲಿರುತ್ತೇವೆ, ಅಲ್ಲಿನ ಟಾಯ್ಲೆಟ್ ಹೇಗಿರುತ್ತದೆ ಎಂದು ಯಾವ ರೀಲ್‌ನಲ್ಲಾದರೂ ಹೇಳುತ್ತಾರೆಯೇ? ಗಿರೀಶ್ ಮಾತ್ರ ಆಫೀಸಿನಿಂದ ಬಂದವರೇ "ಎಲ್ಲಿಗೆ ಬಂತು ಪ್ಲ್ಯಾನು?" ಎನ್ನುತ್ತಿದ್ದರು. ಹಬ್ಬದ ಅಡುಗೆ ಎಲ್ಲಿಗೆ ಬಂತು ಎಂದು ಕೇಳುವ ಹಾಗೆ.

ಕೊನೆಗೆ ನಾನೇ ಹೇಳಿದೆ. "ಮದ್ಲ ಒಂದು ಟ್ರಯಲ್ ಮಾಡೂಣು. ತಿರುವನಂತಪುರಕ್ಕ ಹೋಗಿ ಒಂದು ರಾತ್ರಿ ಇದ್ದು ಬರೂಣು. ಎಲ್ಲಾರಿಗೂ ಕಾರಿನ್ಯಾಗ ಕುಂದ್ರಾಕ ಆಗ್ತೈತೋ ಇಲ್ಲೋ ತಿಳೀತೈತಿ."

"ಅಷ್ಟ ಸಣ್ಣ ದಾರಿ ಟ್ರಯಲ್ ಅಂದ್ರ ಕಾಮಿಡಿ," ಎಂದು ನಕ್ಕರು ಗಿರೀಶ್. ಒಪ್ಪಿದರು.

ನಸುಕಿನಲ್ಲಿ ಹೊರಡಬೇಕಿದ್ದವರು ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲ್ಯಾಟ್ ಬಿಟ್ಟಾಗ ಬಿಸಿಲು ಏರಿತ್ತು. ಅರೂರಿನಲ್ಲಿ ರಸ್ತೆ ಕೆಲಸ. ಆಲಪ್ಪುಳ ದಾಟಿದ ಮೇಲೂ ರಸ್ತೆ ಕೆಲಸ. ಎಸಿ ಜಾಸ್ತಿ ಎಂದು ನಾನು, ಕಡಿಮೆ ಎಂದು ಅವರು. ಮ್ಯಾಪಿನ ಹೆಂಗಸು ಎಡಕ್ಕೆ ಎಂದರೆ ಅವರಿಗೆ ಬಲವೇ ಸರಿ ಎನಿಸುವುದು. ಇವೆಲ್ಲ ನಮ್ಮಲ್ಲಿ ಜಗಳದ ಲೆಕ್ಕಕ್ಕೆ ಬರುವುದಿಲ್ಲ. ಹಿನ್ನೆಲೆ ಸಂಗೀತ.

ಅಷ್ಟರಲ್ಲಿ ನಿಶಾಂತ ಮೂತ್ರಕ್ಕೆ ಹೋಗಬೇಕೆಂದ. ಒಂದು ಪೆಟ್ರೋಲ್ ಬಂಕ್ ಬಂತು, ಹೋಯಿತು. ಒಂದು ಹೋಟೆಲ್ ಬಂತು, ಅದೂ ಹೋಯಿತು.

"ನಿಂದರಸ್ರೀ," ಎಂದೆ.

"ಈಗರ ಆ ಟ್ಯಾಂಕರ್ ದಾಟಿ ಬಂದೀನಿ. ನಿಂತ್ರ ಮತ್ತ ಮುಂದ ಹೊಕ್ಕೈತಿ."

"ಟ್ಯಾಂಕರ್ ಮುಂದ ಹೋದ್ರ ನಿಮ್ಮ ಗಂಟೇನು ಹೊಕ್ಕೈತಿ? ಹುಡುಗ ಆಗಿಂದ ಕೇಳಾಕತ್ತಾನ."

"ಹಂಗಾರ ನೀನ ಹೊಡಿ ಬಾ ಕಾರು!"

"ಕೊಟ್ಟರ ನೋಡ್ರಿ! ಹೈವೇ ಮ್ಯಾಲ ಒಂದ ಸಲಾನರ ಕೀಲಿ ನನ್ನ ಕೈಯಾಗ ಕೊಟ್ಟೀರೇನು?"

ಅಲ್ಲಿಂದ ಮುಂದೆ ಬರೆಯುವುದಿಲ್ಲ. ನೀವೂ ಸಂಸಾರಸ್ಥರು. ಟ್ಯಾಂಕರಿನಿಂದ ಶುರುವಾದದ್ದು ಹಳೆಯ ಗೋವಾ ಪ್ರವಾಸಕ್ಕೆ ಹೋಯಿತು, ಅಲ್ಲಿಂದ ಅವರ ಅಕ್ಕನ ಮಗಳ ಮದುವೆಗೆ ಹೋಯಿತು. ನಮ್ಮ ಕಾರಿಗಿಂತ ಅದರ ಸ್ಪೀಡೇ ಹೆಚ್ಚು.

ಅದು ಮುಗಿದ ಮೇಲೆ ನಿಶಾಂತ ಕೇಳಿದ. "ಇವರ್ ಎಲ್ಲಾ ದಿವಸೋಂ ಇಂಗನೆ ವಳಕ್ಕಿಡುಮೋ, ಚೇಚೀ?"

ಇವರು ಪ್ರತಿದಿನವೂ ಹೀಗೇ ಜಗಳ ಆಡುತ್ತಾರಾ, ಅಕ್ಕಾ?

ಸಿಂಚನಾ ಒಂದು ಕ್ಷಣವೂ ಯೋಚಿಸಲಿಲ್ಲ. "ಹೆಡ್‌ಫೋನ್ ವೆಚ್ಚೋ. ಞಾನ್ ಅಂಗನೆಯಾ." ಹೆಡ್‌ಫೋನ್ ಹಾಕಿಕೋ, ನಾನು ಹಾಗೇ ಮಾಡುವುದು.

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಇಷ್ಟು ತಾಗುತ್ತಿರಲಿಲ್ಲ. ಇರಲಿಲ್ಲ. ಅಂಗಡಿ ಎಲ್ಲಿದೆ ಎಂದು ಕೇಳಿದವರಿಗೆ ದಾರಿ ಹೇಳುವ ಹಾಗಿತ್ತು.

"ಏನಂತ?" ಎಂದರು ಗಿರೀಶ್. ಅವರಿಗೆ ಮಲಯಾಳಂ ಬರುವುದಿಲ್ಲ. ಆಫೀಸು ಇಂಗ್ಲಿಷಿನಲ್ಲಿ ನಡೆಯುತ್ತದೆ, ಬೇಕಾಗಿಯೇ ಇಲ್ಲ. ನಾನು ತರಕಾರಿ ಅಂಗಡಿಯಲ್ಲಿ, ಸ್ಕೂಲ್ ಗೇಟಿನಲ್ಲಿ, ಫ್ಲ್ಯಾಟಿನ ಲಿಫ್ಟಿನಲ್ಲಿ ಕಲಿತವಳು. ನಮ್ಮ ಮಕ್ಕಳಿಗೆ ಧಾರವಾಡದ ಕನ್ನಡ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಮಲಯಾಳಂ, ಇಲ್ಲವೇ ಇಂಗ್ಲಿಷ್.

"ಹಸಿವಿ ಆಗೈತಂತ," ಎಂದೆ.

ತಿರುಗಿ ನೋಡಿದೆ. ಸಿಂಚನಾ ನನ್ನನ್ನೇ ನೋಡುತ್ತಿದ್ದಳು. ನನಗೆ ಮಲಯಾಳಂ ಬರುತ್ತದೆಂದು ಅವಳಿಗೆ ಗೊತ್ತಿದೆ. ಹಾಗಾದರೆ ಅಷ್ಟು ಜೋರಾಗಿ ಯಾಕೆ ಹೇಳಿದಳು? ಇದು ನನಗೆ ಇನ್ನೂ ಬಗೆಹರಿದಿಲ್ಲ.

ಮುಂದೆ ಸಿಕ್ಕ ಚಹಾದಂಗಡಿಯಲ್ಲಿ ನಿಲ್ಲಿಸಿದೆವು. ನಿಶಾಂತ ಓಡಿಹೋಗಿ ಬಂದ. ನಾಲ್ವರೂ ಪಳಂಪೊರಿ ತಿಂದೆವು. ಬಿಸಿ ಬಾಳೆಹಣ್ಣಿನ ಬೋಂಡ ಬಾಯಲ್ಲಿದ್ದರೆ ಯಾರೂ ಮಾತಾಡಬೇಕಾಗಿಲ್ಲ, ಅದೊಂದು ಅನುಕೂಲ. ರಸ್ತೆಯಲ್ಲಿ ಟ್ಯಾಂಕರ್ ನಮ್ಮನ್ನು ದಾಟಿಕೊಂಡು ಹೋಯಿತು. ಗಿರೀಶ್ ನೋಡಿದರು, ಇನ್ನೊಂದು ಪಳಂಪೊರಿ ತೆಗೆದುಕೊಂಡರು.

ಸಂಜೆ ತಿರುವನಂತಪುರದ ಶಂಖುಮುಖಂ ಬೀಚಿಗೆ ಹೋದೆವು. ಮಕ್ಕಳು ನೀರಿನ ಹತ್ತಿರ ಓಡಿದರು. ನಾವಿಬ್ಬರೂ ಮರಳಿನ ಮೇಲೆ ಕೂತೆವು. ಆಗ ಹೇಳಿದೆ, ನಿಶಾಂತ ಕೇಳಿದ್ದು ಏನು, ಸಿಂಚನಾ ಹೇಳಿದ್ದು ಏನು ಎಂದು.

"ನಾವು ಜಗಳಾ ಎಲ್ಲಿ ಆಡ್ತೀವಿ? ಮಾತಾಡ್ತೀವಿ ಅಷ್ಟ," ಎಂದರು.

ನಾನು ಚಪ್ಪಲಿಯ ಮರಳು ಕೊಡವಿದೆ. ವಾದಕ್ಕೂ ಸ್ವಲ್ಪ ಶಕ್ತಿ ಬೇಕು.

ಆಮೇಲೆ ಅವರೇ ಮಾತಾಡಿದರು. "ಸಿಂಚನಾ ಇನ್ನ ಎಷ್ಟು ದಿನಾ ನಮ್ಮ ಜೋಡಿ ಬರ್ತಾಳ ಹೇಳು? ಮನ್ಯಾಗ ಅವ್ರಿಬ್ಬರು ಏನರ ಹೇಳಿಕೋತ ನಗ್ತಾರ. ಏನಂತ ಕೇಳಿದ್ರ, nothing ಅಪ್ಪಾ ಅಂತಾರ. ಕಾರಿನ್ಯಾಗಾದ್ರ ಬಾಗಲಾ ಹಾಕ್ಕೊಂಡು ಒಳಗ ಹೋಗಾಕ ಬರೂದಿಲ್ಲ. ನನ್ನ ಜೋಡಿನ ಇರಬೇಕು. ಅದಕ್ಕ..."

ಅದಕ್ಕೆ ಮನಾಲಿ.

ಎರಡು ತಿಂಗಳು ಹೋಟೆಲ್ ಹುಡುಕಿದೆ, ಟಾಯ್ಲೆಟ್ ಹುಡುಕಿದೆ. ಯಾಕೆ ಹೋಗಬೇಕು ಎಂದು ಮಾತ್ರ ಈ ಮನುಷ್ಯನನ್ನು ಒಮ್ಮೆಯೂ ಕೇಳಿರಲಿಲ್ಲ. ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಪೂರ್ತಿ ಬಿಡಲೂ ಇಲ್ಲ. (ಟ್ಯಾಂಕರಿನ ವಿಷಯದಲ್ಲಿ ನಾನು ಹೇಳಿದ್ದೇ ಸರಿ.)

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ, ಅಪ್ಪಂ ಮತ್ತು ಕಡಲೆ ಪಲ್ಯದ ಮುಂದೆ ಗಿರೀಶ್ ಮಕ್ಕಳನ್ನು ನೇರವಾಗಿ ಕೇಳಿದರು. "ಖರೇ ಹೇಳ್ರಿ. ಮನಾಲಿಗೆ ಹೋಗೂದು ನಿಮಗ ಬೇಕೋ ಬ್ಯಾಡೋ?"

"Do we have a choice?" ಎಂದಳು ಸಿಂಚನಾ.

"ಐತಿ. ಅದಕ್ಕ ಕೇಳಾಕತ್ತೀನಿ."

ಅವಳು ಅಪ್ಪನ ಮುಖ ನೋಡಿದಳು. ಇದು ಟ್ರಿಕ್ ಕ್ವೆಶ್ಚನ್ ಇರಬಹುದೇ ಎನ್ನುವ ನೋಟ.

ನಿಶಾಂತ ಬಾಯಿ ತುಂಬ ಅಪ್ಪಂ ಇಟ್ಟುಕೊಂಡು, "ಟ್ರೈನಿಲ್ ಪೋಯಾಲ್ ಪೋರೇ?" ಎಂದ. ರೈಲಿನಲ್ಲಿ ಹೋದರೆ ಸಾಲದೇ?

ಇದನ್ನು ನಾನು ಅನುವಾದಿಸಬೇಕಾಗಲಿಲ್ಲ. ಗಿರೀಶ್ ಕೇಳಿದರು, "ಯಾಕೋ, ಟ್ರೇನ್ ಯಾಕ?"

ನಿಶಾಂತ ಅಪ್ಪಂ ನುಂಗಿದ. ಆಮೇಲೆ, ಅಪ್ಪನಿಗೆ ತಿಳಿಯಲೆಂದೇ ಇರಬೇಕು, ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದ. "ಟ್ರೇನ್ ಬೇರೆ ಅಂಕಲ್ ಹೊಡೀತಾರ. ನೀವು ಹಿಂದ ನಮ್ಮ ಹತ್ರ ಕುಂದ್ರಬಹುದು."

ಸಿಂಚನಾ ತಲೆ ತಗ್ಗಿಸಿ ಕಡಲೆ ಕೆದಕತೊಡಗಿದಳು. ಗಿರೀಶ್ ಎದ್ದು ಕೈತೊಳೆಯಲು ಹೋದರು. ಅವರ ತಟ್ಟೆಯಲ್ಲಿ ಇನ್ನೂ ಒಂದು ಅಪ್ಪಂ ಇತ್ತು.

ವಾಪಸು ಬರುವಾಗ ಕೊಲ್ಲಂವರೆಗೆ ಅವರೇ ಓಡಿಸಿದರು. ಅಲ್ಲಿ ಕಾರು ನಿಲ್ಲಿಸಿ, ಕೀಲಿಯನ್ನು ನನ್ನ ಕೈಗೆ ಕೊಟ್ಟು, ಹಿಂದೆ ಹೋಗಿ ನಿಶಾಂತನ ಪಕ್ಕ ಕೂತರು. ಸಿಂಚನಾ ಮುಂದೆ ಬಂದಳು. ಗಿರೀಶ್ ಹಿಂದಿನಿಂದಲೇ ಮೂರು ಸಲ ಬ್ರೇಕ್ ಒತ್ತಿದರು. (ಅಲ್ಲಿ ಬ್ರೇಕ್ ಇಲ್ಲ.) "ಲಾರಿ, ಲಾರಿ" ಎಂದರು. ನಾನು "ಕಂಡೈತಿ" ಎಂದೆ. ಕಾಯಂಕುಳಂ ದಾಟುವಷ್ಟರಲ್ಲಿ ಅಪ್ಪ, ಮಗ ಇಬ್ಬರೂ ನಿದ್ದೆ ಹೋಗಿದ್ದರು. ಸಿಂಚನಾ ನನಗೆ ಮ್ಯಾಪ್ ಹೇಳುತ್ತ ಕೂತಿದ್ದಳು. ಅವಳೇನೂ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಹೆಡ್‌ಫೋನ್ ಮಾತ್ರ ಹಾಕಿಕೊಳ್ಳಲಿಲ್ಲ. ಅಷ್ಟು ಸಾಕು ಎನಿಸುವಷ್ಟು ದಣಿದಿದ್ದೆ.

ಈಗಿನ ತೀರ್ಮಾನ: ದಿಲ್ಲಿಯವರೆಗೆ ರೈಲು, ಮುಂದೆ ಡ್ರೈವರ್ ಸಮೇತ ಟ್ಯಾಕ್ಸಿ. ಹೋಟೆಲ್‌ಗಳನ್ನೆಲ್ಲ ಮತ್ತೆ ಹುಡುಕಬೇಕು. ಈ ಸಲ ಹುಡುಕುವವರು ಗಿರೀಶ್. ಅವರು ಹುಡುಕಿದ ಮೊದಲನೆಯದಕ್ಕೆ ಲಿಫ್ಟ್ ಇಲ್ಲ, ಎರಡನೆಯದು ಇರುವುದು ಬೇರೆ ಊರಿನಲ್ಲಿ.

ಈ ಕುರಿತು ನಮ್ಮಿಬ್ಬರ ನಡುವೆ ಮೊನ್ನೆಯಿಂದ ಮಾತುಕತೆ ನಡೆದಿದೆ. ಬಾಲ್ಕನಿಯಲ್ಲಿ, ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ.

ಇದನ್ನು ಸುಧಾರಣೆ ಎನ್ನಬಹುದೇ?