ಖಾಸಿಂಸಾಬ ಬಿಚ್ಚಿಟ್ಟ ಸ್ಟೋವ್

ಈಗಲೂ ಎಲ್ಲಾದರೂ ಸೀಮೆಎಣ್ಣೆಯ ವಾಸನೆ ಬಂದರೆ ಶಹಾಪುರದ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ, ಅಲ್ಲಿ ಕಾಲು ಚಾಚಿ ಕೂತ ಆಯಿ, ನನ್ನ ತಂದೆಯ ತಾಯಿ, ನೆನಪಾಗುತ್ತಾಳೆ. ಆಯಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಸಂತೆಯ ಬೇಳೆಯನ್ನು ಕಚ್ಚಿ ನೋಡುತ್ತಿದ್ದಳು. ರಿಪೇರಿಗೆ ಹೋದ ಕಂದೀಲು ತಿರುಗಿ ಬಂದರೆ, ನಮ್ಮದೇ ಹೌದೋ ಅಲ್ಲವೋ ಎಂದು ತಳ ತಿರುವಿ ನೋಡುತ್ತಿದ್ದಳು. ಸ್ಟೋವ್ ರಿಪೇರಿಯ ಖಾಸಿಂಸಾಬ ಬಂದರಂತೂ ಅವನ ಕೆಲಸ ಮುಗಿಯುವವರೆಗೆ ಎದುರಿನಿಂದ ಏಳುತ್ತಿರಲಿಲ್ಲ. ಅವನು ನಗುತ್ತಲೇ ವಾಷರಿಗೆ ಎಣ್ಣೆ ಸವರುತ್ತಿದ್ದ.

ಕಾಲುವೆ ನೀರು ಬಂದ ಹೊಸತು. ಕಕ್ಕೇರಾದಲ್ಲಿ ನನ್ನ ಸೋದರತ್ತೆ ಶರಣಮ್ಮನ ಗಂಡನ ಮನೆಯವರ ಜೋಳದ ಹೊಲ ಭತ್ತದ ಗದ್ದೆಯಾಗಿತ್ತು, ಇನ್ನೂ ದೊಡ್ಡ ಮನೆಯ ಹೆಣ್ಣು ಸಿಗುತ್ತಿತ್ತು ಎಂಬ ಮಾತೂ ಆ ಮನೆಯಲ್ಲಿ ಶುರುವಾಗಿತ್ತು. ಪಂಚಮಿಗೆ ತವರಿಗೆ ಬಂದ ಅತ್ತೆಯ ಕೈ ಮೊಣಕೈವರೆಗೆ ಸುಟ್ಟಿತ್ತು. “ಸ್ಟೋ ಭುಗ್ಗಂತ ಹತ್ತಿತ್ರಿ,” ಎಂದ ಜೊತೆಗೆ ಬಂದಿದ್ದ ಗಂಡ. ಅತ್ತೆ ನೆಲ ನೋಡುತ್ತಿದ್ದಳು. ಆಯಿ ಅವಳನ್ನು ಏನೂ ಕೇಳಲಿಲ್ಲ. “ಆ ಸ್ಟೋ ಕಳಿಸಿಕೊಡ್ರಿ, ನಮ್ಮ ಖಾಸಿಂ ಚೊಲೋ ಮಾಡಿ ಕೊಡ್ತಾನ,” ಎಂದಷ್ಟೇ ಅಳಿಯನಿಗೆ ಹೇಳಿದಳು.

ಸ್ಟೋವ್ ಬಂತು. ಖಾಸಿಂಸಾಬ ಪಂಪು ಹೊಡೆದು ಹಚ್ಚಿದ. ನೀಲಿ ಉರಿ ಸದ್ದು ಮಾಡುತ್ತ ನೆಟ್ಟಗೆ ನಿಂತಿತು.

“ಯವ್ವಾ, ಇದರಾಗ ಏನೂ ಕೆಟ್ಟಿಲ್ಲ,” ಎಂದ ಮೆಲ್ಲಗೆ.

ಆಯಿ ಬಹಳ ಹೊತ್ತು ಉರಿಯನ್ನೇ ನೋಡಿದಳು. “ಹಂಗಾದ್ರ ಬಿಚ್ಚಿ ಇಡು. ನಾ ಹೇಳೋತನಕ ಜೋಡಿಸಬ್ಯಾಡ.”

ಅವನು ಅತ್ತೆಯ ಕೈಯತ್ತ ಒಮ್ಮೆ ನೋಡಿ, ಸ್ಟೋವಿನ ಭಾಗಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದ.

ಬೀಗರು ಅತ್ತೆಯನ್ನು ಕರೆಯಲು ಬಂದಾಗಲೆಲ್ಲ ಆಯಿಯದು ಒಂದೇ ಮಾತು: “ಸ್ಟೋ ರಿಪೇರಿ ಆಗ್ಲಿ, ಅದರ ಕೂಡೇ ಕಳಿಸ್ತೀನಿ.” ಅವರಿಗೂ ಅನುಮಾನ ಬಂದು ಖಾಸಿಂಸಾಬನ ಅಂಗಡಿಗೇ ಹೋದರು. ಅವನು ಬಿಡಿಭಾಗ ತೋರಿಸಿ, “ವಾಷರ್ ಹೈದರಾಬಾದಿಂದ ಬರಬೇಕ್ರಿ,” ಎಂದ. ಕೊನೆಗೆ ಅಳಿಯ, “ಹೊಸಾ ಸ್ಟೋ ತಂದೀವ್ರಿ,” ಎಂದಾಗ ಆಯಿ ದನಿ ಏರಿಸದೆ ಹೇಳಿದಳು: “ಹೊಸಾದು ಇನ್ನಾ ಲಗೂ ಹತ್ತತೈತ್ರಿ.” ಅವನು ಚಹಾ ಮುಟ್ಟದೆ ಎದ್ದು ಹೋದ. ಬೇರೆ ಮದುವೆಯಾದನೆಂದು ಆಮೇಲೆ ಕೇಳಿದೆವು.

ಅತ್ತೆ ಬಾಲವಾಡಿಯ ಟೀಚರಾದಳು. ಆಯಿ ಹೋದಳು, ಖಾಸಿಂಸಾಬನೂ ಹೋದ. ರಸ್ತೆ ಅಗಲವಾಗುವಾಗ ಆ ಪಡಸಾಲೆಯೂ ಹೋಯಿತು. ಇತ್ತೀಚೆಗೆ ಅತ್ತೆಯ ಜೊತೆ ಕೂತಿದ್ದಾಗ ಆಯಿಯ ಮಾತು ಬಂತು.

“ಏನಾತು ಅಂತ ಅವ್ವ ಒಮ್ಮಿನೂ ಕೇಳಲಿಲ್ಲ ನೋಡು,” ಎಂದಳು ಅತ್ತೆ. “ಕೇಳಿದ್ರ ನಾ ಸುಳ್ಳು ಹೇಳಿ, ತಿರುಗಿ ಕಕ್ಕೇರಾಕ್ಕ ಹೋಗೇ ಬಿಡ್ತಿದ್ನಿ.”